ಬೆಳ್ಳಿ ಇಳಿಯುವ ನೀರು

ಹೆಂಡತಿ ತೀರಿಕೊಂಡ ಮೇಲೆ ಮುದುಕ ಅಕ್ಕಸಾಲಿಗೆ ಹಗಲೂ ಅರೆನಿದ್ದೆಯಂತೆಯೇ ಕಳೆಯುತ್ತಿತ್ತು. ನನ್ನನ್ನೂ ಅವಳ ಬಳಿಗೆ ಕರೆದುಕೋ ಎಂದು ಬೆಳಗಿನ ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ, ತೆರೆಯುವಷ್ಟರಲ್ಲಿ ಬಿಸಿಲು ಗೋಡೆಯಿಂದ ನೆಲಕ್ಕೆ ಇಳಿದಿರುತ್ತಿತ್ತು.

ಅವಳು ಸಾಕಿದ ಗುಲಾಬಿ ಗಿಡವೂ ಅವಳ ಹಿಂದೆಯೇ ಒಣಗಿತು. ನೀರು ಹಾಕಲು ಮರೆತವನು ಅವನೇ. ಹಸಿರಾಗಿ ಉಳಿದದ್ದು ಗೇಣುದ್ದದ ಒಂದೇ ರೆಂಬೆ. ಅದನ್ನು ಕತ್ತರಿಸಿ, ಬೇರು ಬರಲೆಂದು ನೀರಿನಲ್ಲಿಟ್ಟ. ನಾಲ್ಕೇ ದಿನಕ್ಕೆ ತುದಿ ಕಪ್ಪಾಗಿ ಲೋಳೆಗಟ್ಟಿತು. ಕೊಳೆತಷ್ಟನ್ನು ಕತ್ತರಿಸಿ ತೆಗೆದ, ಮತ್ತೆ ಕೊಳೆಯಿತು. ಇನ್ನೆರಡು ಸಲ ಹೀಗಾದರೆ ಕೈಯಲ್ಲಿ ಎಲೆ ಮಾತ್ರ ಉಳಿಯುತ್ತಿತ್ತು.

ಅವಳಾಗಿದ್ದರೆ ರೆಂಬೆ ಕೊಳೆಯದಿರಲೆಂದು ಅಂಥ ನೀರಿಗೆ ಒಂದು ಚಮಚ ಬೆಳ್ಳಿನೀರು ಬೆರೆಸುತ್ತಿದ್ದಳು. ಗಾಜಿನ ಲೋಟದಲ್ಲಿ ಎರಡು ಬೆಳ್ಳಿತಂತಿ ಇಳಿಬಿಟ್ಟು, ಮೂರು ಚಿಕ್ಕ ಬ್ಯಾಟರಿ ಜೋಡಿಸಿ, ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಕಣ್ಣಿಗೆ ಕಾಣದಷ್ಟು ನುಣ್ಣಗೆ ಬೆಳ್ಳಿ ನೀರಿಗೆ ಇಳಿಯುತ್ತಿತ್ತು. ಆ ತಂತಿ ಎಳೆದುಕೊಟ್ಟವನು ಇವನೇ. ಆದರೆ ಲೋಟಕ್ಕೆ ಹಾಕುವುದು ಯಾವ ನೀರು ಎಂದು ಒಂದು ದಿನವೂ ಕೇಳಿರಲಿಲ್ಲ.

ಮೊದಲು ಅಡುಗೆಮನೆಯ ಫಿಲ್ಟರ್ ನೀರು ಹಾಕಿ ನೋಡಿದ. ಬ್ಯಾಟರಿ ತಾಗಿಸಿದ ಕೂಡಲೇ ತಂತಿಯಿಂದ ಬಿಳಿ ಎಳೆಗಳು ಹೊಗೆಯಂತೆ ಬಿಚ್ಚಿಕೊಂಡವು. ನೀರೆಲ್ಲ ಹಾಲುಹಾಲಾಯಿತು. ಅವಳದು ಹಾಗಿರುತ್ತಿರಲಿಲ್ಲ, ತಿಳಿಯಾಗಿರುತ್ತಿತ್ತು.

ಅಕ್ಕನನ್ನು ಕಳೆದುಕೊಂಡ ನಾದಿನಿ ಆ ವಾರ ಭಾವನನ್ನು ನೋಡಲು ಬಂದಳು. ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವಾಕೆ, ಮಾತಿನಲ್ಲಿ ಚುರುಕು. ಮೇಜಿನ ಮೇಲಿದ್ದ ಸಾಮಾನು ನೋಡಿದವಳೇ ಹುಬ್ಬು ಗಂಟಿಕ್ಕಿದಳು.

"ಕುಡಿಯೋಕಲ್ಲ ತಾನೆ, ಭಾವ? ಕುಡೀತಾ ಹೋದ್ರೆ ಮೈ ನೀಲಿಯಾಗುತ್ತೆ. ಆಮೇಲೆ ನಿಮ್ಮನ್ನ ಪಾಲಿಶ್ ಮಾಡೋರು ಯಾರು?"

"ರೆಂಬೆಗೆ ಕಣಮ್ಮ. ನೀರೇ ಸರಿಯಾಗ್ತಿಲ್ಲ. ಇವತ್ತು ದೇವರ ಮುಂದೆ ಇಟ್ಟಿದ್ದ ನೀರು ಹಾಕ್ತೀನಿ. ಅದಕ್ಕಿಂತ ಶುದ್ಧ ಇನ್ನೇನಿದೆ?"

ನಾದಿನಿ ಚೀಲದಿಂದ ಪೆನ್ನಿನಂಥ ಒಂದು ಮೀಟರ್ ತೆಗೆದು ಆ ನೀರಿನಲ್ಲಿ ಅದ್ದಿದಳು. "ಮುನ್ನೂರ ಹತ್ತು. ನೀರಲ್ಲಿ ಎಷ್ಟು ಉಪ್ಪಿನಂಶ ಕರಗಿದೆ ಅಂತ ಇದು ಹೇಳುತ್ತೆ. ಫಿಲ್ಟರ್ ನೀರೇ ಇದಕ್ಕಿಂತ ವಾಸಿ."

"ಅದು ದೇವರ ನೀರು," ಎಂದ ಅವನು. ಮುಖ ಚಿಕ್ಕದಾಗಿತ್ತು.

"ದೇವರು ಬೇಡ ಅಂದನಾ? ಬೆಳ್ಳಿ ಬೇಡ ಅನ್ನುತ್ತೆ, ಅಷ್ಟೆ. ಉಪ್ಪು ಸಿಕ್ರೆ ಅದನ್ನೇ ಹಿಡ್ಕೊಂಡು ಬೆಳ್ಳಗಾಗಿ ಕೂತ್ಕೊಳ್ಳುತ್ತೆ. ಅದಕ್ಕೆ ಬರೀ ನೀರು ಬೇಕು. ಭಟ್ಟಿ ಇಳಿಸಿದ್ದು."

ಮರುದಿನ ಲ್ಯಾಬಿನಿಂದ ಅಂಥ ನೀರಿನ ಒಂದು ಬಾಟಲಿ ತಂದಳು. ಮೀಟರಿನಲ್ಲಿ ಸೊನ್ನೆ. ಅಕ್ಕಸಾಲಿ ಲೋಟವನ್ನೂ ತಂತಿಯನ್ನೂ ಶ್ರದ್ಧೆಯಿಂದ ಉಜ್ಜಿ, ತೊಳೆದು, ನೀರು ತುಂಬಿ, ಮನಸ್ಸಿನಲ್ಲೇ ದೇವರ ಹೆಸರು ಹೇಳಿ ಬ್ಯಾಟರಿ ತಾಗಿಸಿದ.

ಮತ್ತೆ ಅದೇ ಬಿಳಿ ಎಳೆಗಳು. ಈ ಸಲ ತೆಳ್ಳಗೆ, ಮುಂಜಾನೆಯ ಮಂಜಿನಂತೆ. ಅವನು ಅದನ್ನೇ ನೋಡುತ್ತ ಕೂತ. ಮಂಜಿನಾಚೆ ಅವಳು ಬೆನ್ನು ತಿರುಗಿಸಿಕೊಂಡು ಏನೋ ತೊಳೆಯುತ್ತಿದ್ದಾಳೆ ಅನ್ನಿಸಿತು. ಕರೆದರೆ ತಿರುಗಿಯಾಳು.

"ನನ್ನ ಕೈಗೆ ಅದು ಒಲಿಯಲ್ಲಮ್ಮ," ಎಂದ.

ನಾದಿನಿ ಆ ಲೋಟವನ್ನು ಖಾಲಿ ಮಾಡಿ, ಬಾಟಲಿಯ ನೀರನ್ನು ಮತ್ತೆ ಸ್ವಲ್ಪ ಸುರಿದು ಮೀಟರ್ ಅದ್ದಿದಳು. "ಬಾಟಲೀಲಿ ಸೊನ್ನೆ, ಲೋಟದಲ್ಲಿ ಹತ್ತೊಂಬತ್ತು. ಲೋಟ ಯಾತರಲ್ಲಿ ತೊಳೆದ್ರಿ?"

"ಇನ್ಯಾತರಲ್ಲಿ? ನಿಂಬೆಹೋಳು, ಉಪ್ಪು. ಬೆಳ್ಳಿ ಅಂದ್ಮೇಲೆ ಹಾಗೇ ತಾನೆ ತೊಳೆಯೋದು. ಆಮೇಲೆ ನಲ್ಲಿ ನೀರು."

ಅವಳು ಹಣೆ ಚಚ್ಚಿಕೊಂಡಳು. "ಐವತ್ತು ವರ್ಷದ ಕಸುಬು ನಿಮ್ಮದು, ಭಾವ. ಉಪ್ಪನ್ನ ಹೊರಗಿಟ್ಟು ನೀರು ತಂದ್ರೆ, ನೀವು ಕೈಯಾರೆ ಒಳಗೆ ಕರ್ಕೊಂಡ್ರಿ."

ಅವನು ನಗಲಿಲ್ಲ. ನೆನಪೊಂದು ಮೆಲ್ಲಗೆ ಮೇಲೆದ್ದಿತ್ತು. ಅವನು ಥಳಥಳ ತೊಳೆದುಕೊಟ್ಟ ಲೋಟವನ್ನು ಅವಳು ಪ್ರತಿ ಸಲವೂ ಒಳಗೆ ಒಯ್ದು ಇನ್ನೊಮ್ಮೆ ತೊಳೆಯುತ್ತಿದ್ದಳು. ತನ್ನ ಕೆಲಸ ಇವಳಿಗೆ ಹಿಡಿಸುವುದಿಲ್ಲ ಎಂದುಕೊಂಡಿದ್ದ. ಒಮ್ಮೆ ಅದೇ ಸಿಟ್ಟಿನಲ್ಲಿ ಎರಡು ದಿನ ಮಾತು ಬಿಟ್ಟಿದ್ದ. ಆಗಲೂ ಅವಳು ನಿಮ್ಮ ಉಪ್ಪಿನಿಂದ ಕೆಡುತ್ತದೆ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಗಂಡನ ಕಸುಬಿನ ಮರ್ಯಾದೆ ಅವಳಿಗೆ ಅಷ್ಟು ದೊಡ್ಡದಾಗಿತ್ತು.

"ನಿಮ್ಮಕ್ಕನಿಗೆ ಗೊತ್ತಿತ್ತು," ಎಂದ.

"ಗೊತ್ತಿರದೆ ಏನು," ಎಂದಳು ನಾದಿನಿ. ಅವಳ ದನಿ ಈಗ ತಗ್ಗಿತ್ತು.

ಬಾಟಲಿಯ ನೀರಿನಲ್ಲೇ ಲೋಟವನ್ನೂ ತಂತಿಯನ್ನೂ ಮೂರು ಸಲ ಜಾಲಿಸಿದರು. ಉಳಿದದ್ದು ಒಂದೇ ಲೋಟದಷ್ಟು. ಬ್ಯಾಟರಿ ತಾಗಿಸಿದಾಗ ಎಳೆಗಳು ಏಳಲಿಲ್ಲ. ಹೊತ್ತು ಹೋಯಿತು, ನೀರು ನೀರಾಗಿಯೇ ಇತ್ತು. ಪರದೆ ಎಳೆದು ಪಕ್ಕದಿಂದ ಟಾರ್ಚ್ ಬಿಟ್ಟರು. ಲೋಟದೊಳಗೆ ಬೆಳಕಿನ ಸಣ್ಣ ದಾರಿಯೊಂದು ಈ ಬದಿಯಿಂದ ಆ ಬದಿಗೆ ಹಾದುಹೋಗಿತ್ತು. ಬರೀ ನೀರಿನಲ್ಲಿ ಅದು ಕಾಣುವುದಿಲ್ಲ; ಬೆಳ್ಳಿ ಇಳಿದಿತ್ತು. ಆ ದಾರಿಯಲ್ಲಿ ಹೆಜ್ಜೆಯಿಟ್ಟು ನಡೆಯಬಹುದೇನೋ ಎಂಬಂತೆ ಮುದುಕ ಬಹಳ ಹೊತ್ತು ನೋಡಿದ.

ಕೊಳೆತ ತುದಿಯನ್ನು ಕತ್ತರಿಸಿದಾಗ ರೆಂಬೆ ನಾಲ್ಕು ಬೆರಳಷ್ಟಾಗಿತ್ತು. ಅದರ ನೀರಿಗೆ ಒಂದು ಚಮಚ ಹಾಕಿದ. ನಾಲ್ಕು ದಿನ ಕಳೆಯಿತು, ಎಂಟು ಕಳೆಯಿತು. ತುದಿ ಹಸಿರಾಗಿಯೇ ಇತ್ತು. ಹದಿನೇಳನೆಯ ಬೆಳಗ್ಗೆ ತೊಗಟೆ ಸೀಳಿ ಅಕ್ಕಿಕಾಳಿನ ಮೂತಿಯಷ್ಟು ಏನೋ ಹೊರಬಂದಿತ್ತು. ಬೂಷ್ಟು ಎಂದು ಹೆದರಿ ಉಗುರಿನಿಂದ ಮುಟ್ಟಿದ. ಗಟ್ಟಿಯಾಗಿತ್ತು. ಅದು ಬೇರು.

ಅಂದು ಪ್ರಾರ್ಥನೆಗೆ ಕೂತವನು, ದಿನವೂ ಕೇಳಿಕೊಳ್ಳುತ್ತಿದ್ದುದನ್ನು ಕೇಳಲು ಮರೆತೇ ಎದ್ದ. ಮಣ್ಣು ತುಂಬಲು ಕುಂಡ ಹುಡುಕಬೇಕಿತ್ತು.