ಒಂಬತ್ತು, ಇಪ್ಪತ್ತೆರಡು

ಅತ್ತೆ ಫೋನ್ ಮಾಡಿ, "ಅನೂ, ನಾಳಿ ಖಾನಾಪುರಕ್ಕ ಬಾರವಾ. ಬರೂಮುಂದ ಅವನ ದವಾಖಾನಿ ಕಾಗದಾ ತಗೊಂಡ ಬಾ," ಎಂದರು.

ನನ್ನ ಗಂಡ ಶಶಿಧರ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಕಾಗದಗಳು ಬೆಳಗಾವಿಯಲ್ಲಿ, ನನ್ನ ಕಪಾಟಿನಲ್ಲೇ ಇದ್ದವು. ತೆಗೆದುಕೊಂಡು ಹೋದೆ.

ವಿಷಯ ಇಷ್ಟು. ನಾದಿನಿ ಸಮೃದ್ಧಿಯನ್ನು ಒಪ್ಪಿದ್ದ ಹುಡುಗನ ಮನೆಯವರು, ಅವಳ ಅಣ್ಣ ರಕ್ತದ ಕ್ಯಾನ್ಸರಿನಿಂದ ಹೋದನೆಂದು ಕೇಳಿ ಹಿಂಜರಿದಿದ್ದರು. ಈ ದಿನ ಕೊನೆಯ ಮಾತು ಹೇಳಲು ಬಂದಿದ್ದರು. ಸಮೃದ್ಧಿ ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ.

ಇಂಥ ಮಾತುಕತೆಯಲ್ಲಿ ಗಂಡನನ್ನು ಕಳೆದುಕೊಂಡವಳು ಎದುರಿಗೆ ಇರುವಂತಿಲ್ಲ. ಯಾರೂ ಹೇಳಲಿಲ್ಲ, ನಾನೇ ಅಡುಗೆಮನೆಗೆ ಹೋದೆ. ಅವಲಕ್ಕಿಗೆ ಒಗ್ಗರಣೆ ಹಾಕುವಾಗ ಹುಡುಗನ ಸೋದರತ್ತೆ ಕಾಂತಾ ಅವರ ದನಿ ಕೇಳಿತು.

"ವಂಶದಾಗ ಇದ್ರ ನಾಳಿ ಮಕ್ಕಳಿಗೂ ಬರತೈತಲ್ರೀ."

ಶಶಿಧರನೂ ಇದನ್ನೇ ಹೇಳುತ್ತಿದ್ದ. ಗುಳಿಗೆ ನಾಟಿ ಅವನು ಚೆನ್ನಾಗಿದ್ದ ಎರಡು ವರ್ಷಗಳಲ್ಲಿ ಮಗು ಬೇಡವೆಂದ. "ಇದು ನನ್ನ ಸಂಗಾಟನ ಮುಗೀಲಿ ಅನೂ." ಹಾಗಲ್ಲ ಎಂದು ನೋಟ್‌ಬುಕ್ಕಿನಲ್ಲಿ ಜೀವಕೋಶದ ಚಿತ್ರ ಬರೆದು ತೋರಿಸುತ್ತಿದ್ದೆ. "ಪಾಠಾ ಮಾಡಬ್ಯಾಡ," ಎಂದು ಮಗ್ಗುಲಾಗುತ್ತಿದ್ದ.

ಹೊರಗೆ ಕಾಗದ ಬಿಚ್ಚಿದ ಸಪ್ಪಳ. "ಇದನ್ನ ತೋರ್ಸಿದ್ರ ನನಗೇನ್ ತಿಳೀತೈತ್ರೀ ಸಂಗವ್ವಾರ? ನಾ ಓದೂದು ಲೈಟ್ ಬಿಲ್ ಒಂದ," ಎಂದು ಕಾಂತಾ ಅತ್ತೆಗೆ ಹೇಳಿದರು.

ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದರು. "ಅನೂ, ಹೊರಗ ಬಾ," ಎಂದರು.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಬಾಗಿಲಲ್ಲಿ ನಿಂತು ಹೇಳಿದೆ. ಪ್ರತಿ ಜೀವಕೋಶದಲ್ಲೂ ಇಪ್ಪತ್ತಮೂರು ಜೊತೆ ಕ್ರೋಮೋಸೋಮುಗಳಿರುತ್ತವೆ. ನಮ್ಮ ಮನೆಯವರ ಮೂಳೆಯ ಮಜ್ಜೆಯಲ್ಲಿ, ಯಾವುದೋ ಒಂದು ಕೋಶದಲ್ಲಿ, ಒಂಬತ್ತನೆಯದೂ ಇಪ್ಪತ್ತೆರಡನೆಯದೂ ಮುರಿದು ತುಂಡುಗಳು ಅದಲುಬದಲಾಗಿ ಅಂಟಿಕೊಂಡವು. ಆ ಕೋಶವೇ ಬೆಳೆಯಿತು. ಮೊದಲ ರಿಪೋರ್ಟಿನಲ್ಲಿ ದೋಷ ಅದೊಂದೇ. ಎರಡನೆಯದರಲ್ಲಿ ಐದು. ಕೆಟ್ಟ ಕೋಶ ಮುರಿಯುತ್ತಲೇ ಹೋಯಿತು, ಗುಳಿಗೆ ನಾಟದಾಯಿತು. ಇದು ಹುಟ್ಟಿನಿಂದ ಬಂದದ್ದಲ್ಲ.

ಕಾಂತಾ ಸೆರಗಿನ ಅಂಚು ನೋಡುತ್ತಿದ್ದರು. ಹುಡುಗನ ತಂದೆ ಗುರುಪುತ್ರಪ್ಪ ಕೈ ಎತ್ತಿದರು. ಫೌಂಡ್ರಿಯಲ್ಲಿ ಮೂವತ್ತು ವರ್ಷ ಎರಕ ಹೊಯ್ದವರು.

"ತಂಗಿ, ನನಗ ಒಂದ ಹೇಳವಾ. ಕೆಟ್ಟಿದ್ದು ಪ್ಯಾಟರ್ನೋ, ಕಾಸ್ಟಿಂಗೋ?"

ನಾನು ಅವರನ್ನೇ ನೋಡಿದೆ.

"ಕಾಸ್ಟಿಂಗ್ ರೀ."

"ಪ್ಯಾಟರ್ನ್?"

"ಚೊಲೋ ಐತ್ರಿ."

ಅವರು ತಂಗಿಯ ಕಡೆ ತಿರುಗಿದರು. "ಕೇಳಿದ್ಯಾ ಕಾಂತಾ? ಪ್ಯಾಟರ್ನ್ ಅಂದ್ರ ಮೂಲ ಮಾದರಿ. ಅದು ಕೆಟ್ಟಿದ್ರ ಅದರಿಂದ ಅಚ್ಚ ಮಾಡಿ ಹೊಯ್ದದ್ದೆಲ್ಲಾ ಕೆಟ್ಟ ಬರತೈತಿ. ಇಲ್ಲೆ ಒಂದ ಎರಕಾ ಬಿರುಕ ಬಿಟ್ಟೈತಿ, ಅಷ್ಟ. ಉಳಿದದ್ದನ್ನ ಯಾಕ ಒಗಿಯೂಣು? ಸಂಬಂಧ ಕೂಡಿತು, ಸಕ್ಕರಿ ತರ್ರಿ."

"ಇಷ್ಟಕ್ಕ ಒಂಬತ್ತು, ಇಪ್ಪತ್ತೆರಡು ಅಂತ ಹೆದರ್ಸಿದಳಲ್ಲೋ ಯಣ್ಣಾ," ಎಂದು ಕಾಂತಾ ನಕ್ಕರು.

ಅತ್ತೆ ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು. ನನ್ನ ಅಂಗೈಗೆ ಹಾಕಿದರು. ಸಮೃದ್ಧಿ ನನ್ನ ತೋಳು ಹಿಡಿದುಕೊಂಡು ಅತ್ತಳು. ಅವಲಕ್ಕಿ ಆರುತ್ತಿತ್ತು, ತರಲು ಒಳಗೆ ಹೋದೆ.

ಹೊರಡುವಾಗ ಗುರುಪುತ್ರಪ್ಪ ಕೇಳಿದರು. "ನಿಮ್ಮ ಮನಿಯವ್ರು ಎಲ್ಲೆ ಕೆಲಸಕ್ಕಿದ್ರವಾ?"

"ಉದ್ಯಮಬಾಗದಾಗ ರೀ. ಫೌಂಡ್ರಿ ಇನ್ಸ್‌ಪೆಕ್ಷನ್."

"ಹಂಗಾರ ಅವರಿಗೆ ಇದೆಲ್ಲಾ ಗೊತ್ತಿತ್ತು."

"ಹೂಂ ರೀ," ಎಂದೆ.

ಬಿರುಕು ಬಿಟ್ಟ ಎರಕಗಳ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕುವುದು ಎಂಟು ವರ್ಷ ಅವನ ಕೆಲಸವಾಗಿತ್ತು. ಸಂಜೆ ಮನೆಗೆ ಬಂದರೆ ಬೆರಳುಗಳು ಬೆಳ್ಳಗಿರುತ್ತಿದ್ದವು. ಆ ಕೈ ತೊಳೆಯುವ ಮೊದಲೇ ನಾನು ನೋಟ್‌ಬುಕ್ ತೆರೆದಿರುತ್ತಿದ್ದೆ.

ಬೆಳಗಾವಿಗೆ ಮರಳುವ ಬಸ್ಸು ಉದ್ಯಮಬಾಗದ ಕಾರ್ಖಾನೆಗಳ ಮುಂದೆ ನಿಂತಿತು. ಪಾಳಿ ಬಿಟ್ಟಿತ್ತು. ಡಬ್ಬಿ ಹಿಡಿದ ಗಂಡಸರು ಹತ್ತಿದರು.

"ಪ್ಯಾಟರ್ನ್ ಚೊಲೋ ಐತಿ," ಎಂದೆ, ಶಶಿಧರನಿಗೆ.

ಪಕ್ಕದಲ್ಲಿ ನಿಂತವನು ಬಗ್ಗಿದ. "ಏನಂದ್ರಿ ಅಕ್ಕಾರ?"

"ಏನಿಲ್ಲ."