ಜಂಟಿ ಫೋಟೋಕ್ಕೆ ಬಂದ ಪೇಟ

ಹೆಂಡತಿಗೆ ಸಂದ ಗೌರವವನ್ನು ಕಂಡು ಗಂಡನ ಹೊಟ್ಟೆ ಉರಿಯಬಾರದು. ಹಂದನಕೆರೆಯ ತಿಮ್ಮರಾಜುವಿಗೆ ಮಾತ್ರ ಧಗಧಗನೆ ಉರಿಯಿತು.

ಗಂಗಲಕ್ಷ್ಮಿ ಸರ್ಕಾರಿ ಶಾಲೆಯ ಮುಖ್ಯಶಿಕ್ಷಕಿಯಾಗಿ ನಿವೃತ್ತಳಾದ ದಿನ ಊರವರು ಅವಳಿಗೆ ಶಾಲು ಹೊದಿಸಿ, ಹಾರ ಹಾಕಿ, ತಲೆಗೆ ಮೈಸೂರು ಪೇಟ ತೊಡಿಸಿದರು. ವೇದಿಕೆಯ ತುದಿಯಲ್ಲಿ ಕುಳಿತಿದ್ದ ತಿಮ್ಮರಾಜುವನ್ನು "ಮೇಡಂ ಯಜಮಾನ್ರು" ಎಂದು ಕರೆದು ಕೈಗೊಂದು ಕಿತ್ತಳೆ ಹಣ್ಣು ಕೊಟ್ಟರು. ಹೆಸರನ್ನೂ ಹೇಳಲಿಲ್ಲ. ತಿಪಟೂರಿನ ಮಾರುಕಟ್ಟೆಯಲ್ಲಿ ಅವನ ಕೊಬ್ಬರಿಯನ್ನು ಮುಟ್ಟಿ ನೋಡಿದವರು ಬೆಳೆದವನ ಹೆಸರು ಕೇಳದೆ ಮುಂದೆ ಹೋಗುತ್ತಿರಲಿಲ್ಲ. ಅಂಥವನಿಗೆ ಒಂದು ಕಿತ್ತಳೆ!

ಪಿಂಚಣಿಯ ಕಡತಕ್ಕೆ ಗಂಡ ಹೆಂಡತಿ ಜೊತೆಯಾಗಿರುವ ಫೋಟೋ ಬೇಕಿತ್ತು. ಅವಳು ತೀರಿಕೊಂಡರೆ ಕುಟುಂಬ ಪಿಂಚಣಿ ಅವನಿಗೆ ಸಲ್ಲಬೇಕು. ಸಲ್ಲಬೇಕಾದವನು ಇವನೇ ಎಂಬುದಕ್ಕೆ ಆ ಚಿತ್ರ ಗುರುತು. ನಿವೃತ್ತಿಗೆ ಮೊದಲೇ ಕೊಡಬೇಕಾಗಿದ್ದ ಅದನ್ನು ತಿಮ್ಮರಾಜು ಮುಂದೂಡುತ್ತಲೇ ಬಂದಿದ್ದ. ಒಮ್ಮೆ ಕೊಬ್ಬರಿಗೆಂದು ಅಟ್ಟದ ಮೇಲಿಟ್ಟ ಕಾಯಿ ಸುಲಿಸಬೇಕಿತ್ತು, ಇನ್ನೊಮ್ಮೆ ಬೋರಿನ ಮೋಟರು ಕೆಟ್ಟಿತ್ತು. ಫೋಟೋ ಬಾರದೆ ಕಡತ ಕದಲದೆಂದು ಕಚೇರಿಯವರು ಈಗ ಖಡಾಖಂಡಿತವಾಗಿ ಹೇಳಿದ್ದರು.

"ಹೆಂಡ್ತಿ ದುಡ್ಡಲ್ಲಿ ಬದುಕೋ ಗತಿ ನಂಗೆ ಬಂದಿಲ್ಲ ಕಣೇ," ಎಂದ.

"ಬೋರ್ ಹಾಕ್ಸಿದ್ದು ಯಾರ ಸಂಬಳದಲ್ಲಿ? ಆ ನೀರು ಬ್ಯಾಡ ಅಂತ ನಿಮ್ಮ ತೆಂಗಿನ ಮರ ಯಾವತ್ತಾದ್ರೂ ಅಂತಾ?"

ತನ್ನ ಅಸೂಯೆಗೆ ಸ್ವಾಭಿಮಾನವೆಂಬ ದೊಡ್ಡ ಹೆಸರಿಟ್ಟುಕೊಂಡವನು ಗೋಡೆಯ ಕಡೆಗೆ ತಿರುಗಿದ.

ಗಂಗಲಕ್ಷ್ಮಿ ದನಿ ತಗ್ಗಿಸಿದಳು. "ನಾನು ಮೊದ್ಲು ಹೋದ್ರೆ ನೀವು ಇನ್ನೊಬ್ರ ಮುಂದೆ ಕೈ ಚಾಚಬಾರ್ದು ಕಣ್ರೀ. ನಾಳೆ ಬತ್ತೀರೋ ಇಲ್ವೋ?"

ಮರುದಿನ ಅವನು ಬಂದ, ಕೈಯಲ್ಲೊಂದು ಬಟ್ಟೆಯ ಚೀಲ ಹಿಡಿದು. ಚಿಕ್ಕನಾಯಕನಹಳ್ಳಿಯ ಗಯಾಜ್‌ನ ಸ್ಟುಡಿಯೋದಲ್ಲಿ ತಲೆ ಬಾಚಿಕೊಳ್ಳುವೆನೆಂದು ಪರದೆಯ ಹಿಂದೆ ಹೋದವನು ಹೊರಬಂದಾಗ ಅವನ ತಲೆಯ ಮೇಲೆ ಅವಳ ಪೇಟವಿತ್ತು. ಬಿಗಿಯಾಗಿತ್ತು, ಹುಬ್ಬಿನವರೆಗೆ ಜಗ್ಗಿ ಕೂರಿಸಿದ್ದ.

"ಇದ್ಯಾಕ್ರೀ ತಂದ್ರಿ?" ಎಂದಳು ಗಂಗಲಕ್ಷ್ಮಿ.

"ಜೋಡಿ ಫೋಟೋ ಅಂದ್ಮೇಲೆ ನನ್ನ ಅಂತಸ್ತೂ ಕಾಣ್ಬೇಡ್ವಾ?"

ಗಯಾಜ್ ನಗು ನುಂಗಿದ. "ತಿಮ್ಮರಾಜಣ್ಣ, ಇದು ಪಿಂಚಣಿ ಫೋಟೋ, ಎಲೆಕ್ಷನ್ ಬ್ಯಾನರ್ ಅಲ್ಲ. ತಲೆ ಮೇಲೆ ಏನೂ ಇರಂಗಿಲ್ಲ. ಇಬ್ರ ತಲೆನೂ ಒಂದೇ ಮಟ್ಟಕ್ಕೆ ಬರ್ಬೇಕು."

ಒಂದೇ ಮಟ್ಟ! ಆ ಮಾತು ಅವನಿಗೆ ಮುಳ್ಳಿನಂತೆ ನಾಟಿತು. "ಪೇಟ ತೆಗೀಬೇಕು ಅಂದ್ರೆ ಫೋಟೋನೂ ಬ್ಯಾಡ ಬುಡು," ಎಂದು ಬಾಗಿಲವರೆಗೆ ನಡೆದ.

ಗಂಗಲಕ್ಷ್ಮಿ ಗದರಲಿಲ್ಲ, ಬೇಡಿಕೊಳ್ಳಲೂ ಇಲ್ಲ. "ಪೇಟ ನಿಮ್ಗೇ ಇರ್ಲಿ. ನಾನು ಪಾಠ ಮಾಡಿದ್ದು ಅದುಕ್ಕಲ್ಲ. ಪಕ್ಕದಲ್ಲಿ ಬಂದು ಕೂತ್ಕೊಳ್ಳಿ, ಅಷ್ಟು ಸಾಕು."

ಕಿತ್ತುಕೊಳ್ಳಬೇಕೆಂದು ಹವಣಿಸಿದ್ದನ್ನು ಅವಳು ಹೀಗೆ ಕೊಟ್ಟೇಬಿಟ್ಟಾಗ, ಆ ಪೇಟ ಪರರ ಮನೆಯ ತುಂಬಿದ ಕೊಡದಂತೆ ಭಾರವಾಯಿತು. ತಿಮ್ಮರಾಜು ಅದನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡು ಕುಳಿತ. ಗಯಾಜ್ ಕ್ಲಿಕ್ಕಿಸಿದ. ಅಚ್ಚಾಗಿ ಬಂದ ಚಿತ್ರದಲ್ಲಿ ಇಬ್ಬರ ತಲೆಯೂ ಸರಿಸಮವಾಗಿತ್ತು. ಅವನ ಹಣೆಯ ಮೇಲೆ ಪೇಟ ಒತ್ತಿದ ಕೆಂಪು ಗೆರೆಯೊಂದು ಎದ್ದು ಕಾಣುತ್ತಿತ್ತು.

ಬಸ್ ನಿಲ್ದಾಣದಲ್ಲಿ ಪಕ್ಕದ ತೋಟದ ಚಿಕ್ಕಣ್ಣ ಸಿಕ್ಕಿದ. "ಏನ್ಲಾ ತಿಮ್ಮ, ಪೇಟ ಹಿಡ್ಕಂಡು ಹೊಂಟಿದೀಯ! ನಿಂಗೂ ಸನ್ಮಾನ ಮಾಡುದ್ರಾ?"

ಹೌದೆನ್ನಲು ತಿಮ್ಮರಾಜುವಿನ ನಾಲಿಗೆ ತುದಿಗಾಲಲ್ಲಿ ನಿಂತಿತ್ತು. ಪಕ್ಕದಲ್ಲಿದ್ದ ಹೆಂಡತಿ ಬಸ್ಸು ಬರುವ ದಾರಿಯನ್ನಷ್ಟೇ ನೋಡುತ್ತಿದ್ದಳು.

"ನಂಗಲ್ಲ ಕಣ್ಲಾ. ನಮ್ಮೋಳ್ಗೆ," ಎಂದ, ಬೇವು ಅಗಿದವನಂತೆ.

ಬಸ್ಸು ಬಂತು, ಗಂಡ ಹೆಂಡತಿ ಹತ್ತಿದರು. ಬಸ್ಸು ಹೊರಟ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಕೆಳಗೆ ನಿಂತಿದ್ದ ಚಿಕ್ಕಣ್ಣನಿಗೆ ಕೂಗಿದ:

"ತೋಟ ಮಾತ್ರ ನಂದು ಕಣ್ಲಾ!"