ದೊರೆಸಾನಿಯ ಬೇರೆ ಬಟ್ಟಲು

ದರ್ಜಿಯ ಮನೆಯಲ್ಲಿ ಬೆಳಗಿನಿಂದ ಹೊಲಿಗೆ ಯಂತ್ರದ ಸದ್ದಿರಲಿಲ್ಲ. ಯಂತ್ರದ ಕೆಳಗೆ, ಚೂರು ಬಟ್ಟೆಗಳ ಬುಟ್ಟಿಯಲ್ಲಿ, ಅವನ ಕೋಳಿ ದೊರೆಸಾನಿ ಕತ್ತು ಮುದುಡಿ ಕೂತಿತ್ತು. ಮೂಗಿನಿಂದ ಅಂಟು ಸೋರುತ್ತಿತ್ತು, ಒಂದು ಕಣ್ಣು ಊದಿ ಮುಚ್ಚಿತ್ತು. ಅದರ ಎರಡು ಮರಿಗಳು ಮಗ್ಗುಲಿಗೆ ಒತ್ತಿಕೊಂಡಿದ್ದವು. ಕೋಳಿಯ ಠೀವಿಯ ನಡಿಗೆ ನೋಡಿ ಅದಕ್ಕೆ ಆ ಹೆಸರಿಟ್ಟವಳು ಅವನ ಹೆಂಡತಿ. ಅವಳು ತೀರಿಕೊಂಡ ಮೇಲೆ ಮನೆಯಲ್ಲಿ ಅವನ ಹಿಂದೆ ಮುಂದೆ ಸುಳಿದಾಡಲು ಉಳಿದದ್ದು ಈ ಕೋಳಿಯೊಂದೇ.

ದರ್ಜಿ ಒಂದು ಚೂರು ಬಟ್ಟೆ ತೆಗೆದು ದೊರೆಸಾನಿಯ ಮೂಗು ಒರೆಸಿದ. ಅದರಲ್ಲೇ ಮರಿಗಳ ಮುಖವನ್ನೂ ಒರೆಸಿದ. ಆಮೇಲೆ ಮೂರಕ್ಕೂ ಒಂದೇ ಬಟ್ಟಲಲ್ಲಿ ನೀರಿಟ್ಟ.

ಅವನನ್ನು ನೋಡಲು ಬಂದ ಹೆಂಡತಿಯ ತಂಗಿ, ಕೋಳಿ ಸಾಕಿ ಪಳಗಿದವಳು, ಬಾಗಿಲಲ್ಲೇ ನಿಂತುಬಿಟ್ಟಳು.

"ಅಯ್ಯೋ ಭಾವ, ರೋಗಾನ ಕೈಯಾರೆ ಹಂಚ್ತಿದ್ದೀರಲ್ಲ! ದೊರೆಸಾನೀನ ಬೇರೆ ಇಡಿ."

"ಬರೀ ನೆಗಡಿ ಕಣಮ್ಮ. ಬೇರೆ ಇಟ್ರೆ ಕೊರಗುತ್ತೆ. ಒಂಟಿಯಾಗಿರೋದು ಏನಂತ ನನಗ್ಗೊತ್ತು."

"ಪಶು ಆಸ್ಪತ್ರೆಗಾದ್ರೂ ಹೋಗೋಣ, ಏಳಿ."

"ಕೋಳಿ ಕಂಕುಳಲ್ಲಿಟ್ಕೊಂಡು ಡಾಕ್ಟ್ರ ಹತ್ರ ಹೋದ್ರೆ ಬೀದಿಯವರು ನಗ್ತಾರೆ. ದೇವರು ಕಾಯ್ತಾನೆ ಬಿಡು."

"ಕಾಯ್ತಾನೆ. ಬಟ್ಟಲು ತೊಳೆಯೋಕೂ ಅವನೇ ಬರಬೇಕಾ?"

ದರ್ಜಿ ಏಳಲಿಲ್ಲ.

ಎರಡು ಮೂರು ದಿನದಲ್ಲಿ ಮರಿಗಳ ಕಣ್ಣೂ ಊದಿಕೊಂಡವು. ಒಂದು ಬೆಳಿಗ್ಗೆ ಬುಟ್ಟಿಯಲ್ಲಿ ಒಂದು ಮರಿ ಸೆಟೆದುಕೊಂಡು ಬಿದ್ದಿತ್ತು. ಆಗ ಅವನು ಯಾರ ನಗುವನ್ನೂ ಲೆಕ್ಕಿಸದೆ ಉಳಿದೆರಡನ್ನು ಎತ್ತಿಕೊಂಡು ಓಡಿದ.

ಪಶುವೈದ್ಯೆ ಔಷಧಿ ಕೊಟ್ಟು ಹೇಳಿದರು: "ಈ ರೋಗ ನೀರಿನ ಬಟ್ಟಲಿಂದ, ಬಟ್ಟೆಯಿಂದ, ನಮ್ಮ ಕೈಯಿಂದಲೂ ಹರಡುತ್ತೆ. ಬೇರೆ ಬೇರೆ ಇಡಿ, ಬೆಚ್ಚಗಿಡಿ. ಬಾಯಿ ತೆರೆಸಿ ನೀರು ಸುರೀಬೇಡಿ, ಉಸಿರಿನ ದಾರಿಗೆ ಹೋಗುತ್ತೆ. ಪ್ರತಿಸಲ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೀರಿ. ವಾಸಿಯಾದ ಮೇಲೂ ಇದರಿಂದ ಬೇರೆ ಕೋಳಿಗೆ ಅಂಟಬಹುದು. ಇನ್ನೂ ಮೊದಲೇ ಬರಬೇಕಿತ್ತು, ಯಜಮಾನರೇ."

ಎರಡನೆಯ ಮರಿ ಮನೆ ತಲುಪುವ ಮುಂಚೆ ಅವನ ಅಂಗೈಯಲ್ಲೇ ತಣ್ಣಗಾಯಿತು. ದರ್ಜಿ ಎರಡನ್ನೂ ಹಿತ್ತಲಲ್ಲಿ ಆಳವಾಗಿ ಹೂಳಿದ. ಬುಟ್ಟಿಯ ಬಟ್ಟೆಯನ್ನೆಲ್ಲ ಸುಟ್ಟ.

ದೊರೆಸಾನಿ ಬದುಕಿತು. ಊತ ಇಳಿಯಿತು, ಕಣ್ಣು ತೆರೆಯಿತು, ಕಾಳು ಹೆಕ್ಕಿತು. ಹೆಕ್ಕಿದ ಕಾಳನ್ನು ನೆಲಕ್ಕೆ ಹಾಕಿ, ಮರಿಗಳನ್ನು ಕರೆಯುವ ದನಿಯಲ್ಲಿ ಕೊಕ್ ಕೊಕ್ ಎನ್ನುತ್ತ, ಖಾಲಿ ಬುಟ್ಟಿಯ ಸುತ್ತ ತಿರುಗಿತು.

"ಬೇರೆ ಮರಿ ತಂದ್ಬಿಡಲಾ?" ಎಂದು ದರ್ಜಿ ಹೆಂಡತಿಯ ತಂಗಿಯನ್ನು ಕೇಳಿದ.

"ಬೇಡ ಭಾವ. ವಾಸಿಯಾದ ಕೋಳಿಯಿಂದ್ಲೂ ರೋಗ ಅಂಟಬಹುದು ಅಂದ್ರಂತಲ್ಲ ಡಾಕ್ಟ್ರು. ಇನ್ನು ಇದು ಒಂದೇ ಇರಬೇಕು."

"ಒಂಟಿಯಾಗುತ್ತೆ ಅಂತ ಹೆದರಿದ್ದೆ ಕಣಮ್ಮ," ಎಂದ ದರ್ಜಿ. "ನಾನೇ ಒಂಟಿ ಮಾಡ್ಬಿಟ್ಟೆ."

ಅವನು ಎದ್ದು ಸೋಪಿನಲ್ಲಿ ಕೈ ತೊಳೆದುಕೊಂಡ.

ಕೋಳಿ ಸಾಕಿರುವ ತಾಯಂದಿರೇ, ಅಣ್ಣತಮ್ಮಂದಿರೇ, ಭಗವಂತ ನಮ್ಮ ಕೈಗೆ ಕೊಟ್ಟ ಜೀವವಿದು. ನಿಮ್ಮ ಕೋಳಿ ಮಂಕಾಗಿ ಕೂತರೆ ಅಂದೇ ಅದನ್ನು ಬೇರೆ ಇಡಿ, ಅದರ ಬಟ್ಟಲು ಬೇರೆ ಮಾಡಿ, ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ. ಬೇರೆ ಇಟ್ಟ ಒಂಟಿತನವನ್ನು ಅದು ತಡೆದುಕೊಳ್ಳುತ್ತದೆ. ಖಾಲಿ ಬುಟ್ಟಿಯ ಮುಂದೆ ಅದು ಕರೆಯುವ ದನಿಯನ್ನು ನೀವು ತಡೆದುಕೊಳ್ಳಲಾರಿರಿ.